ಮಾವ, ಮೃದಂಗ, ಮುಂದಿನ ಚಕ್ರ

ಹಳೆಯ ಕಾರಿನಲ್ಲಿ ಸದ್ದು ಬರುವುದು ರೋಗವಲ್ಲ, ಬಾರದಿದ್ದರೆ ಗಾಬರಿಯಾಗಬೇಕು. ನಮ್ಮ ಮಾರುತಿ 800ರಲ್ಲಿ ಎರಡನೇ ಗೇರಿಗೆ ಡ್ಯಾಶ್‌ಬೋರ್ಡಿನ ಖಾನೆಯ ಮುಚ್ಚಳ ಲಟಲಟ ಅನ್ನುತ್ತದೆ; ಮೂರಕ್ಕೆ ಬಿದ್ದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಜಲ್ಲಿ ರಸ್ತೆ ಸಿಕ್ಕರೆ ಹಿಂದಿನ ಎಡಗಡೆಯ ಗಾಜು ಕಟಕಟ. ಹಂಪು ಹತ್ತಿಳಿದರೆ ಡಿಕ್ಕಿಯೊಳಗಿನ ಜಾಕಿಯೂ ಅದರ ಹಿಡಿಯೂ ಒಂದನ್ನೊಂದು ಕುಟ್ಟಿಕೊಳ್ಳುತ್ತವೆ. ಬ್ರೇಕು ಒತ್ತಿ ನಿಂತಾಗ ನನ್ನ ಸೀಟಿನ ಬೆನ್ನು ಕಿರ್ರ್ ಅಂತ ಒಂದು ನಿಟ್ಟುಸಿರು ಬಿಡುತ್ತದೆ. ಹೊಸಬರು ಯಾರಾದರೂ ಹತ್ತಿ, “ಏನ್ರೀ ಅದು ಸದ್ದು?” ಅಂದಾಗ, “ಯಾವ ಸದ್ದು?” ಅಂತ ನಾನು ಕೇಳುವುದು ನಾಟಕವಲ್ಲ. ನಿಜವಾಗಿಯೂ ನನಗೆ ಕೇಳಿಸಿರುವುದಿಲ್ಲ.

ಇಷ್ಟೆಲ್ಲದರ ನಡುವೆ ಹೊಸದೊಂದು ಬಂದು ಸೇರಿದರೆ ಮಾತ್ರ ಕಿವಿ ನಿಮಿರುತ್ತದೆ. ಈ ಸಲ ಸೇರಿದ್ದು ಮುಂದಿನ ಚಕ್ರದ ಕಡೆಯಿಂದ. ಗಂಟೆಗೆ ಮೂವತ್ತರವರೆಗೆ ಏನೂ ಇಲ್ಲ. ನಲವತ್ತಕ್ಕೆ ಎಲ್ಲೋ ದೂರದಲ್ಲಿ ಯಾರೋ ಹಿಟ್ಟಿನ ಗಿರಣಿ ಶುರು ಮಾಡಿದ ಹಾಗೆ ಒಂದು ಗುಂಯ್. ಐವತ್ತಕ್ಕೆ ಗಿರಣಿ ನಮ್ಮ ಬೀದಿಗೇ ಬಂತು. ಅರವತ್ತಕ್ಕೆ ಕಾರಿನೊಳಗೆ ಬಂದು ಕೂತಿತು.

ಕಾರಿನ ಜಾತಕವನ್ನು ಇಲ್ಲಿ ಸ್ವಲ್ಪ ಹೇಳಿಬಿಡಬೇಕು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ದೆಹಲಿಯ ಗ್ರಾಹಕರೊಬ್ಬರ ಕೈಗೆ ಕೊಟ್ಟರು. 2014ರ ಜನವರಿಯಲ್ಲಿ ಕೊನೆಯದು ಕಾರ್ಖಾನೆಯಿಂದ ಹೊರಬಿತ್ತು. ನಡುವೆ ಹುಟ್ಟಿದ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಒಡಹುಟ್ಟಿದವರಲ್ಲಿ ನಮ್ಮದೂ ಒಂದು. 796 ಸಿಸಿಯ ಮೂರು ಸಿಲಿಂಡರು, ಹನ್ನೆರಡು ಇಂಚಿನ ಚಕ್ರ, ಎಂಜಿನ್ನಿನ ಬಲವೆಲ್ಲ ಮುಂದಿನ ಎರಡು ಚಕ್ರಕ್ಕೆ. ಹದಿನೈದು ವರ್ಷ ದಾಟಿ, ಹಸಿರು ತೆರಿಗೆ ಕಟ್ಟಿಸಿಕೊಂಡು, ಆರ್‌ಟಿಓ ಅಂಗಳದಲ್ಲಿ ಹಾರನ್ನು, ಲೈಟು ಎಲ್ಲ ತೋರಿಸಿ, ಮತ್ತೆ ಐದು ವರ್ಷದ ಆಯುಷ್ಯ ಬರೆಸಿಕೊಂಡು ಬಂದ ಗಾಡಿ. ಕಾಗದದ ಪ್ರಕಾರ ಅದಕ್ಕೆ ಯಾವ ಸದ್ದೂ ಇಲ್ಲ.

ಮನೆಯಲ್ಲಿ ಸದ್ದಿಗೆ ಮೊದಲು ಸಿಕ್ಕ ಔಷಧ ಭದ್ರಾವತಿ ಆಕಾಶವಾಣಿ. ರೇಡಿಯೋದ ತಿರುಪನ್ನು ಅರ್ಧ ಸುತ್ತು ಹೆಚ್ಚು ತಿರುಗಿಸಿದರೆ ಗುಂಯ್ ಮಾಯ. ಅಗ್ಗದ ಚಿಕಿತ್ಸೆ, ಅಡ್ಡ ಪರಿಣಾಮವೂ ಇಲ್ಲ. ಕೃಷಿರಂಗ ಕೇಳಿ ಕೇಳಿ ನನಗೆ ಅಡಿಕೆಯ ಕೊಳೆ ರೋಗದ ಬಗ್ಗೆ ಒಳ್ಳೆಯ ತಿಳಿವಳಿಕೆ ಬಂತು. ಆದರೆ ಗುಂಯ್ ದಿನದಿನಕ್ಕೆ ಬೆಳೆಯಿತು, ರೇಡಿಯೋದ ತಿರುಪು ಮಾತ್ರ ಕೊನೆ ಮುಟ್ಟಿತು.

ಆಮೇಲೆ ಶುರುವಾದದ್ದು ಸದ್ದಿನ ಮೂಲ ಸ್ಥಾನದ ವಿವಾದ. ಹೆಂಡತಿ ಕೂರುವುದು ಎಡಗಡೆ. ಆದ್ದರಿಂದ ಸದ್ದು ಎಡ ಚಕ್ರದ್ದು. “ನನ್ನ ಪಾದದ ಕೆಳಗೇ ಬರ್ತಿದೆ ಕಣ್ರೀ, ಬೇಕಾದರೆ ಬಂದು ಕೂತು ನೋಡಿ.” ಓಡುವ ಕಾರಿನಲ್ಲಿ ಬಂದು ಕೂರುವುದು ಹೇಗೆ? ಹಿಂದೆ ಕೂತ ಅಮ್ಮನ ಪ್ರಕಾರ ಅದು ಅವಳ ಸೀಟಿನಡಿಯಿಂದ. ನಮ್ಮ ಹುಡುಗನಿಗೆ ತಲೆಯ ಮೇಲಿನಿಂದ. ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಈ ಪುಟ್ಟ ಕಾರಿಗೆ ಬೇರೆ ಚಾಸಿಯಿಲ್ಲ, ತಗಡಿನ ಮೈಯೇ ಚಾಸಿ. ಚಕ್ರದಲ್ಲಿ ಹುಟ್ಟಿದ ನಡುಕ ಸ್ಟ್ರಟ್ ಹತ್ತಿ, ಬಾನೆಟ್ಟಿನ ಮೂಲೆ ಮುಟ್ಟಿ, ಅಲ್ಲಿಂದ ಛಾವಣಿಗೂ ನೆಲಕ್ಕೂ ಹರಡಿಬಿಡುತ್ತದೆ. ಯಾರು ಎಲ್ಲಿ ಕೂತಿದ್ದಾರೋ ಅಲ್ಲೇ ಅವರವರ ಪಾಲಿನ ಸದ್ದು ಅವರವರಿಗೆ ಸಿಗುತ್ತದೆ. ಅನುಭವಿ ಮೆಕ್ಯಾನಿಕ್ಕುಗಳು ಕೂಡ ಎಡವೋ ಬಲವೋ ಎಂಬುದನ್ನು ಬರೀ ಕಿವಿಯಿಂದ ತೀರ್ಮಾನಿಸುವುದಿಲ್ಲ.

ಎದುರುಮನೆಯವರು ನೀರಾವರಿ ಇಲಾಖೆಯ ನಿವೃತ್ತ ಇಂಜಿನಿಯರು. ಗೇಟಿನ ಆಚೆಯಿಂದಲೇ ಎರಡು ನಿಮಿಷ ಆಲಿಸಿ, “ಮಾರಿಬಿಡಿ” ಅಂದರು. ಅವರ ಪರಿಹಾರ ಯಾವಾಗಲೂ ಅದೇ. ಹೋದ ವರ್ಷ ನಮ್ಮ ತೆಂಗಿನ ಮರಕ್ಕೆ ನುಸಿ ಬಿದ್ದಾಗಲೂ ಮನೆ ಮಾರಿಬಿಡಿ ಅಂದಿದ್ದರು.

ಟೈರಿನ ಅಂಗಡಿಯೊಂದರಲ್ಲಿ, “ಅಲೈನ್‌ಮೆಂಟ್ ಹೋಗಿದೆ, ಬ್ಯಾಲೆನ್ಸಿಂಗೂ ಮಾಡಿಸಿ” ಅಂದರು. ನಾಲ್ಕು ಚಕ್ರಕ್ಕೂ ತಟ್ಟೆ ಸಿಕ್ಕಿಸಿ, ಕಂಪ್ಯೂಟರ್ ಪರದೆಯ ಮೇಲೆ ಕೆಂಪಗಿದ್ದ ಅಂಕಿಗಳನ್ನು ಹಸಿರು ಮಾಡಿ ತೋರಿಸಿದರು. ಪರದೆಗೆ ಬಹಳ ಸಮಾಧಾನವಾಯಿತು. ಗುಂಯ್ ಹಾಗೇ ಇತ್ತು. ಇರಲೇಬೇಕು, ಯಾಕೆಂದರೆ ಬ್ಯಾಲೆನ್ಸ್ ತಪ್ಪಿದ ಚಕ್ರ ಗುಂಯ್ ಅನ್ನುವುದಿಲ್ಲ. ವೇಗ ಹೆಚ್ಚಿದಾಗ ಸ್ಟಿಯರಿಂಗ್ ಹಿಡಿದ ಕೈಯನ್ನು ಗಡಗಡ ನಡುಗಿಸುತ್ತದೆ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ. ಹಾಗೆ ಅಂಕುಡೊಂಕಾಗಿ ಸವೆದ ಟೈರು ಮುಂದೊಂದು ದಿನ ಥೇಟ್ ಬೇರಿಂಗಿನ ಹಾಗೇ ಗುನುಗುತ್ತದೆ, ನಿಜ. ಅದನ್ನು ಪತ್ತೆ ಹಚ್ಚಲು ಮುಂದಿನ ಟೈರನ್ನು ಹಿಂದಕ್ಕೆ ಹಾಕಿ ಓಡಿಸಬೇಕು. ಸದ್ದೂ ಹಿಂದಕ್ಕೆ ಹೋದರೆ ಟೈರಿನ ತಪ್ಪು. ನಮ್ಮದು ಹಿಂದಕ್ಕೆ ಹೋಗಲಿಲ್ಲ.

ಇನ್ನೊಂದು ಕಡೆ, ಸದ್ದು ಅಂದ ಕೂಡಲೇ ಚೀಟಿ ಬರೆಯಲು ಕೂತರು. ಎರಡೂ ಕಡೆ ಎಕ್ಸೆಲ್ ಜಾಯಿಂಟು, ಲೋಯರ್ ಆರ್ಮು, ಬಾಲ್ ಜಾಯಿಂಟು, ಸ್ಟ್ರಟ್ಟು, ಅದರ ತಲೆಯ ಮೌಂಟು, ಸ್ಟೆಬಿಲೈಸರ್ ಬುಷ್ಷು, ಡಿಸ್ಕು, ಪ್ಯಾಡು, ಕೊನೆಯಲ್ಲಿ ಬೇರಿಂಗು. ಗಾಡಿಯನ್ನು ಅವರು ಮುಟ್ಟಿರಲೂ ಇಲ್ಲ. ಕೆಳಗೆ ಬರೆದ ಮೊತ್ತ ನೋಡಿದಾಗ ಎದುರುಮನೆಯವರ ಮಾತಿನಲ್ಲೂ ತಿರುಳಿದೆ ಅನ್ನಿಸಿತು. ಈ ‘ಕಂಪ್ಲೀಟ್ ಸಸ್ಪೆನ್ಷನ್’ ಅನ್ನುವ ಪದ್ಧತಿಯ ಮೇಲೆ ನನಗೆ ಸಿಟ್ಟಿದೆ. ಎಲ್ಲವನ್ನೂ ಬದಲಿಸಿದರೆ ಕೆಟ್ಟದ್ದೂ ಬದಲಾಗಿಯೇ ಆಗುತ್ತದೆ. ಅದಕ್ಕೆ ಮೆಕ್ಯಾನಿಕ್ ಯಾಕೆ ಬೇಕು?

ಕೊನೆಗೆ ಸಾಗರ ರಸ್ತೆಯ ಕಡೆಯ ಗ್ಯಾರೇಜು ಸಾಲಿನಲ್ಲಿ ಬೋರ್ಡೇ ಇಲ್ಲದ ಒಂದು ಶೆಡ್ಡಿಗೆ ಹೋದೆ. ಅಲ್ಲಿಯ ಮೇಸ್ತ್ರಿ ತಲೆ ಎತ್ತದೆ ಕೇಳಿದರು: “ಹೆಂಗೆ ಬರುತ್ತೆ ಸದ್ದು? ಮಾಡಿ ತೋರಿಸಿ.”

ಸಾರ್ವಜನಿಕವಾಗಿ ಬಾಯಲ್ಲಿ ಕಾರಿನ ಸದ್ದು ಮಾಡುವುದು ಸಂಕೋಚದ ಕೆಲಸ. ಸುತ್ತಮುತ್ತ ನೋಡಿದೆ. ಪಕ್ಕದಲ್ಲಿ ಬಿಳಿ ಅಂಗಿಯ ವಕೀಲರೊಬ್ಬರು ಇನ್ನೊಬ್ಬ ಹುಡುಗನೆದುರು ಕಣ್ಣು ಮುಚ್ಚಿ, “ಕೀಂಯ್ಯ್... ಟಕ್! ಕೀಂಯ್ಯ್... ಟಕ್!” ಅನ್ನುತ್ತಿದ್ದರು. ನನಗೂ ಧೈರ್ಯ ಬಂತು.

“ಗುಂಯ್ಯ್...”

“ಗುಂಯ್ಯೋ, ಗರಗರವೋ?”

“ಗುಂಯ್. ಒಳಗೆ ಸ್ವಲ್ಪ ಗರಗರ.”

“ಹಂಪಲ್ಲಿ ಢಕ್ ಅನ್ನುತ್ತಾ?”

“ಜಾಕಿ ಅನ್ನುತ್ತೆ, ಚಕ್ರ ಅನ್ನಲ್ಲ.”

“ಸ್ಟಿಯರಿಂಗ್ ಪೂರಾ ಒಡೆದು ತಿರುಗಿಸಿದ್ರೆ ಕಟಕಟ ಬರುತ್ತಾ?”

“ಗಮನಿಸಿಲ್ಲ.”

“ಬ್ರೇಕ್ ಹಿಡಿದ್ರೆ ನಿಲ್ಲುತ್ತಾ?”

“ಇಲ್ಲ.”

ಈ ನಾಲ್ಕು ಪ್ರಶ್ನೆಯಲ್ಲಿ ಆ ಚೀಟಿಯ ಅರ್ಧ ಹರಿದುಹೋಗಿತ್ತು. ಢಕ್ ಅಂದರೆ ಬಾಲ್ ಜಾಯಿಂಟೋ ಬುಷ್ಷೋ. ಬ್ರೇಕ್ ಹಿಡಿದಾಗ ಬದಲಾಗುವ ಕಿಂಯ್ ಅಂದರೆ ಪ್ಯಾಡು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಕಿರ್ರ್ ಅಂದರೆ ಸ್ಟ್ರಟ್ಟಿನ ಮೇಲಿನ ಮೌಂಟು. ಚರಚರ ಎಂಬ ತಗಡಿನ ಸದ್ದಾದರೆ ಡಿಸ್ಕಿನ ಹಿಂದಿನ ಧೂಳುತಡೆ ತಗಡು ಬಾಗಿರಬಹುದು, ಇಲ್ಲವೇ ಅದರ ಸಂದಿಗೆ ಒಂದು ಚೂರು ಜಲ್ಲಿ ಸೇರಿರಬಹುದು. ಸ್ಕ್ರೂಡ್ರೈವರಿನಿಂದ ಮೀಟಿದರೆ ಮುಗಿಯಿತು. ಉಳಿದದ್ದು ಬೇರಿಂಗು ಮತ್ತು ಎಕ್ಸೆಲ್ ಜಾಯಿಂಟು. ಮೇಸ್ತ್ರಿ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತರು, “ನಡೀರಿ, ಒಂದು ರೌಂಡ್.”

ಗ್ಯಾರೇಜಿನ ರಸ್ತೆಯಲ್ಲಿ ಇಪ್ಪತ್ತರ ಮೇಲೆ ಹೋಗಲು ರಸ್ತೆಯೇ ಇಲ್ಲ. ಕಾರು ಮುತ್ತಿನಂತೆ ಓಡಿತು. ಜಾಕಿ ಕೂಡ ಸುಮ್ಮನಿತ್ತು. ಮೇಸ್ತ್ರಿ ನನ್ನ ಮುಖ ನೋಡಿದರು. ವೈದ್ಯರ ಎದುರು ಇಳಿದ ಜ್ವರದ ಬಗ್ಗೆ ಗೊತ್ತಿದ್ದವರಿಗೆ ನನ್ನ ಸ್ಥಿತಿ ವಿವರಿಸಬೇಕಾಗಿಲ್ಲ.

ನನಗೆ ಉಡುಪಿಗೆ ಮದುವೆಗೆ ಹೋಗುವುದಿತ್ತು. ಹೇಳಿದೆ. ಮೇಸ್ತ್ರಿ ಮುಂದಿನ ಚಕ್ರವನ್ನು ಜಾಕಿಗೆ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರು. ಆ ದಿಕ್ಕಿನಲ್ಲಿ ಆಟವಿದ್ದರೆ ಬೇರಿಂಗೋ ಬಾಲ್ ಜಾಯಿಂಟೋ ಸಡಿಲ. ಆಮೇಲೆ ಎಡಕ್ಕೊಂದು ಬಲಕ್ಕೊಂದು ಕೈ ಇಟ್ಟು ಅಲ್ಲಾಡಿಸಿದರು. ಅಲ್ಲಿ ಆಟವಿದ್ದರೆ ಸ್ಟಿಯರಿಂಗಿನ ಟೈ ರಾಡು. ಇನ್ನೊಂದು ಬದಿಗೂ ಅದೇ ಉಪಚಾರ. ಎಲ್ಲೂ ಆಟವಿರಲಿಲ್ಲ. “ಸದ್ದಿಗೆ ಹೆದರಬೇಡಿ, ಆಟಕ್ಕೆ ಹೆದರಿ. ಆಟ ಇಲ್ಲ, ಹೋಗಿ ಬನ್ನಿ. ದಾರೀಲಿ ಮೂರು ಕೆಲಸ ಮಾಡಿ. ಸ್ಪೀಡಲ್ಲಿದ್ದಾಗ ನ್ಯೂಟ್ರಲ್ ಮಾಡಿ ಕೇಳಿ. ತಿರುವಲ್ಲಿ ಯಾವ ಕಡೆ ತಿರುಗಿದ್ರೆ ಜೋರಾಗುತ್ತೆ ಕೇಳಿ. ಆಗುಂಬೆ ಹತ್ತುವಾಗ ಕಟಕಟ ಬರುತ್ತಾ ಕೇಳಿ. ಬಂದು ಹೇಳಿ.”

ಕೇಳಬೇಕು ಅಂದರೆ ಕಾರಿನಲ್ಲಿ ಮೌನ ಬೇಕು. ನಮ್ಮ ವಂಶದಲ್ಲಿ ಅಂಥದ್ದೊಂದು ನಡೆದ ದಾಖಲೆಯಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಪ್ರಯಾಣಕ್ಕೆ ನಮ್ಮ ಜೊತೆ ಹೊರಟಿದ್ದವರು ನನ್ನ ಸೋದರಮಾವ.

ಮಾವ ಮೃದಂಗದವರು. ಆಯುಷ್ಯವಿಡೀ ಪಕ್ಕವಾದ್ಯ ನುಡಿಸಿ, ಈಗ ಮನೆಯಲ್ಲಿ ನಾಲ್ಕು ಹುಡುಗರಿಗೆ ಪಾಠ ಹೇಳಿಕೊಂಡಿದ್ದಾರೆ. ಅವರ ಕಿವಿಯ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಅತ್ತೆಯ ಪ್ರಕಾರ ಅವರಿಗೆ ಏನೂ ಕೇಳಿಸುವುದಿಲ್ಲ. ಅಕ್ಕಿ ತನ್ನಿ ಅಂತ ಮೂರು ಸಲ ಹೇಳಿದರೂ ಊಹೂಂ. ಶಿಷ್ಯರ ಪ್ರಕಾರ ಅವರಿಗೆ ಎಲ್ಲ ಕೇಳಿಸುತ್ತದೆ. ಹಿಂದಿನ ಸಾಲಿನ ಹುಡುಗ ಅರ್ಧ ಅಕ್ಷರ ಕಾಲ ತಪ್ಪಿದರೆ ಒಳಗಿನ ಕೋಣೆಯಿಂದ ಕೂಗು ಬರುತ್ತದೆ. ಎರಡೂ ಸರಿಯೇ. ಮಾವನಿಗೆ ಮಾತು ಕೇಳಿಸುವುದಿಲ್ಲ, ಸದ್ದು ಕೇಳಿಸುತ್ತದೆ.

ಅವರನ್ನು ಮುಂದೆ ಕೂರಿಸಿದೆವು. ಗಾಜನೂರು ದಾಟಿ ವೇಗ ಐವತ್ತಕ್ಕೆ ಏರಿತ್ತು ಅಷ್ಟೆ. “ರೇಡಿಯೋ ಆರಿಸು” ಅಂದರು. ಆರಿಸಿದೆ. ಹಿಂದೆ ತಿರುಗಿ, “ಯಾರೂ ಮಾತಾಡಬೇಡಿ, ಇಲ್ಲೊಬ್ಬರು ಹಾಡ್ತಾ ಇದಾರೆ” ಅಂದರು. ಅಮ್ಮ ಅಣ್ಣನ ಮಾತಿಗೆ ಎದುರಾಡಿದವಳಲ್ಲ. ಸಕ್ರೆಬೈಲಿನ ಆನೆಗಳನ್ನು ನೋಡಬೇಕೆಂದ ಹುಡುಗನ ಬಾಯಿಗೆ ಒಂದು ಚಕ್ಕುಲಿ ಹೋಯಿತು. ಆಮೇಲೆ ಅರ್ಥವಾಯಿತು, ಚಕ್ಕುಲಿಯೂ ಸದ್ದು ಮಾಡುತ್ತದೆ. ಅದನ್ನು ಕಿತ್ತು ಬಾಳೆಹಣ್ಣು ಕೊಟ್ಟರು. ತುಂಗೆಯ ಪಕ್ಕದ ಆ ರಸ್ತೆಯಲ್ಲಿ ನಮ್ಮ ಕುಟುಂಬ ಮಂಡಗದ್ದೆಯವರೆಗೆ ತುಟಿ ಬಿಚ್ಚದೆ ಹೋಯಿತು.

ಮಾವನ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. “ಎಂಜಿನ್ ಬಿಟ್ಟುಬಿಡು” ಅಂದರು. ಇಳಿಜಾರಿರದ ನೇರ ರಸ್ತೆ ನೋಡಿ, ಹಿಂದೆ ಮುಂದೆ ಗಾಡಿ ಇಲ್ಲದಾಗ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿದೆ. ಎಂಜಿನ್ ಬುಸುಗುಟ್ಟುವುದನ್ನು ನಿಲ್ಲಿಸಿ ಮೆಲ್ಲಗಾಯಿತು. ಗುಂಯ್ ಇದ್ದಂತೆಯೇ ಇತ್ತು, ಕಾರಿನ ವೇಗದ ಜೊತೆಗೆ ಮಾತ್ರ ಇಳಿಯುತ್ತ ಬಂತು. “ಎಂಜಿನ್ನಿನ ಶ್ರುತಿ ಇಳೀತು. ಇದು ಇಳೀಲಿಲ್ಲ. ಇದು ಬೇರೆ ವಿದ್ವಾಂಸರು” ಅಂದರು. ಮೇಸ್ತ್ರಿಯ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು: ಎಂಜಿನ್ನೂ ಅಲ್ಲ, ಗೇರ್‌ಬಾಕ್ಸಿನ ಹಲ್ಲೂ ಅಲ್ಲ, ತಿರುಗುವ ಚಕ್ರದ್ದೇ.

ತೀರ್ಥಹಳ್ಳಿಯ ಕಡೆಗೆ ರಸ್ತೆ ಬಳುಕತೊಡಗಿದಾಗ ಮಾವ ಇನ್ನೂ ಚುರುಕಾದರು. ಎಡಕ್ಕೆ ತಿರುಗಿದಾಗ ಅವರ ಹುಬ್ಬು ಏರುತ್ತಿತ್ತು. ಬಲಕ್ಕೆ ತಿರುಗಿದಾಗ ಇಳಿಯುತ್ತಿತ್ತು. ನಾನೂ ಕಿವಿಗೊಟ್ಟೆ. ಹೌದು, ಎಡ ತಿರುವಿನಲ್ಲಿ ಗುಂಯ್ ಗೊರಗೊರವಾಗುತ್ತಿತ್ತು. ಬಲ ತಿರುವಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ತಗ್ಗುತ್ತಿತ್ತು. “ಒಂದು ವಿಷಯ ಗಮನಿಸು. ತಿರುವಲ್ಲಿ ಜೋರಾಗುತ್ತೆ, ಆದರೆ ಶ್ರುತಿ ಏರೋಲ್ಲ. ಶ್ರುತಿ ಏರಬೇಕಾದರೆ ನೀನು ಆಕ್ಸಿಲರೇಟರ್ ತುಳೀಬೇಕು.” ನಾನು ಓದಿದ ಯಾವ ಮೆಕ್ಯಾನಿಕ್ ಪುಸ್ತಕವೂ ಈ ವಿಷಯವನ್ನು ಇಷ್ಟು ಚೊಕ್ಕವಾಗಿ ಹೇಳಿಲ್ಲ. ಸದ್ದಿನ ಶ್ರುತಿ ಚಕ್ರದ ವೇಗಕ್ಕೆ ಸೇರಿದ್ದು, ಸದ್ದಿನ ಜೋರು ಚಕ್ರದ ಮೇಲೆ ಬೀಳುವ ಭಾರಕ್ಕೆ ಸೇರಿದ್ದು. ಕಾರು ಎಡಕ್ಕೆ ತಿರುಗಿದಾಗ ಮೈಭಾರವೆಲ್ಲ ಬಲಕ್ಕೆ ವಾಲುತ್ತದೆ. ಬಲ ಚಕ್ರದ ಬೇರಿಂಗ್ ಕೆಟ್ಟಿದ್ದರೆ ಅದು ಆಗ ನರಳುತ್ತದೆ. ಹಾಗಾದರೆ ಬಲ.

“ಎಡ” ಅಂದಳು ಹೆಂಡತಿ, ಹಿಂದಿನಿಂದ. ಇಷ್ಟು ಹೊತ್ತು ಮೌನವಾಗಿದ್ದದ್ದೇ ಹೆಚ್ಚು.

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಇಳಿಯುವಾಗ ಅವುಗಳಿಂದ ನಮಗೆ ತಿಳಿಯಬೇಕಾದದ್ದು ಏನೂ ಇರಲಿಲ್ಲ. ಅಲ್ಲಿಯ ವೇಗಕ್ಕೆ ಗುಂಯ್ ಹುಟ್ಟುವುದೇ ಇಲ್ಲ. ಮದುವೆಯೂ ಚೆನ್ನಾಗಿ ಆಯಿತು. ನಮಗೆ ಬೇಕಿದ್ದದ್ದು ವಾಪಸು ಬರುವಾಗಿನ ಏರು. ಎಕ್ಸೆಲ್ ಜಾಯಿಂಟಿನ ಪರೀಕ್ಷೆಗೆ ಚಕ್ರ ಪೂರ್ತಿ ತಿರುಗಿರಬೇಕು, ಅದರ ಜೊತೆಗೆ ಎಂಜಿನ್ ಎಳೆಯುತ್ತಲೂ ಇರಬೇಕು. ಇವೆರಡನ್ನೂ ಒಟ್ಟಿಗೆ, ಪುಕ್ಕಟೆಯಾಗಿ, ಸಾಲಾಗಿ ಹದಿನಾಲ್ಕು ಸಲ ಒದಗಿಸುವ ಜಾಗ ಆಗುಂಬೆ ಬಿಟ್ಟರೆ ನಮ್ಮ ಕಡೆ ಇನ್ನೆಲ್ಲಿದೆ?

ಈ ಜಾಯಿಂಟು ಅನ್ನುವುದು ಸಾಮಾನ್ಯ ವಸ್ತುವಲ್ಲ. ಮುಂದಿನ ಚಕ್ರಕ್ಕೇ ಬಲ ಕೊಡುವ ಗಾಡಿಯಲ್ಲಿ ಆ ಚಕ್ರ ತಿರುಗಿಕೊಂಡೇ ಓಡಬೇಕು, ಮೇಲೆ ಕೆಳಗೆ ಕುಣಿಯಬೇಕು, ಅಷ್ಟಾದರೂ ಒಂದೇ ಲಯದಲ್ಲಿ ಸುತ್ತಬೇಕು. ಹಿಂದಿನ ಕಾಲದ ಸಾದಾ ಜಾಯಿಂಟು ಬಾಗಿದರೆ ಸುತ್ತಿನ ಲಯ ಒಂದೊಂದು ಸುತ್ತಿಗೆ ಎರಡು ಸಲ ಓಡುತ್ತಿತ್ತು, ಎರಡು ಸಲ ಎಳೆಯುತ್ತಿತ್ತು. 1920ರ ದಶಕದಲ್ಲಿ ಆಲ್ಫ್ರೆಡ್ ರ್ಜೆಪ್ಪಾ ಎಂಬ ಇಂಜಿನಿಯರು, ಬಾಗಿದ ತೋಡುಗಳಲ್ಲಿ ಉಕ್ಕಿನ ಗುಂಡುಗಳನ್ನು ಕೂರಿಸಿ ಆ ತೊಂದರೆಯನ್ನು ಕಳೆದರು. ಅದೇ ಬಗೆಯ ಜಾಯಿಂಟನ್ನು ಹಾಕಿಕೊಂಡು 1959ರಲ್ಲಿ ಬ್ರಿಟನ್ನಿನ ಮಿನಿ ಕಾರು ಬಂತು, ಪುಟ್ಟ ಕಾರುಗಳೆಲ್ಲ ಆ ದಾರಿ ಹಿಡಿದವು. ಒಳಗೆ ಆರು ಗುಂಡು, ಕಪ್ಪು ಗ್ರೀಸು, ಮೇಲೊಂದು ರಬ್ಬರಿನ ಚೀಲ. ಆ ಚೀಲ ಹರಿದರೆ ಕಥೆ ಮುಗಿಯಿತು. ಗ್ರೀಸು ಚಕ್ರದ ಒಳಮೈಗೆಲ್ಲ ರಾಚುತ್ತದೆ, ಧೂಳು ಒಳಗೆ ಹೋಗುತ್ತದೆ, ಸ್ವಲ್ಪ ದಿನಕ್ಕೆ ತಿರುವಿನಲ್ಲಿ ಕಟಕಟ ಶುರು.

ಸೋಮೇಶ್ವರದಿಂದ ಹತ್ತುವಾಗ ಗಾಜು ಇಳಿಸಿದೆವು. ಘಾಟಿಯ ತಡೆಗೋಡೆ ಪಕ್ಕದಲ್ಲಿದ್ದರೆ ಚಕ್ರದ ಸದ್ದು ಗೋಡೆಗೆ ಬಡಿದು ನೇರ ಕಿವಿಗೆ ಬರುತ್ತದೆ. ಮಾವ ತಿರುವುಗಳನ್ನು ಬೆರಳಲ್ಲಿ ಎಣಿಸಿದರು: ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಒಂದೊಂದಕ್ಕೂ ತಲೆ ಅಲ್ಲಾಡಿಸಿದರು. ಕಟಕಟ ಇಲ್ಲ. ಏರು ಮುಗಿದು ಸೂರ್ಯಾಸ್ತದ ಕಟ್ಟೆಯ ಬಳಿ ನಿಲ್ಲಿಸಿದಾಗ, ಜನವೆಲ್ಲ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದರು. ನಾನೂ ಮಾವನೂ ಮೊಣಕಾಲೂರಿ ಚಕ್ರದ ಹಿಂಭಾಗಕ್ಕೆ ಮೊಬೈಲಿನ ಬೆಳಕು ಬಿಟ್ಟು ರಬ್ಬರ್ ಚೀಲ ನೋಡುತ್ತಿದ್ದೆವು. ಎರಡೂ ಕಡೆ ಇಡಿಯಾಗಿದ್ದವು. ಅಷ್ಟರಲ್ಲಿ ಸೂರ್ಯ ಮುಳುಗಿದ್ದ. ಬೇರೆಯವರು ನೋಡಿದ್ದರು, ಸಾಕು.

ಮೇಸ್ತ್ರಿಗೆ ವರದಿ ಒಪ್ಪಿಸಲು ಮಾವ ತಾವೇ ಬಂದರು. ಶೆಡ್ಡಿನಲ್ಲಿ ಬಲ ಚಕ್ರವನ್ನು ಎತ್ತಿ, ನ್ಯೂಟ್ರಲ್‌ನಲ್ಲಿಟ್ಟು, ಮೇಸ್ತ್ರಿ ಎಡಗೈಯಿಂದ ಚಕ್ರ ತಿರುಗಿಸಿ ಬಲಗೈಯ ಬೆರಳನ್ನು ಸ್ಟ್ರಟ್ಟಿನ ಸ್ಪ್ರಿಂಗಿನ ಮೇಲೆ ಹಗುರವಾಗಿ ಇಟ್ಟರು. ಇದು ಬಲ್ಲವರ ವಿದ್ಯೆ. ಕೈಯಿಂದ ತಿರುಗಿಸುವ ವೇಗಕ್ಕೆ ಸದ್ದು ಬರುವುದಿಲ್ಲ, ಆದರೆ ಒರಟಾದ ಬೇರಿಂಗಿನ ತರತರ ಸ್ಪ್ರಿಂಗಿನಲ್ಲಿ ಬೆರಳಿಗೆ ಸಿಗುತ್ತದೆ. “ನೋಡಿ ಬೇಕಾದ್ರೆ” ಅಂದರು ನನಗೆ. ನಾನು ಕೈಯಿಟ್ಟೆ, ಏನೋ ಇತ್ತು ಅನ್ನಿಸಿತು. ಮಾವ ಮುಂದೆ ಬಂದರು.

ಐವತ್ತು ವರ್ಷ ಮೃದಂಗದ ಬಲ ಮುಚ್ಚಿಗೆಯ ಕರಣೆಯ ಮೇಲೆ ಆಡಿದ ಬೆರಳುಗಳು. ಕಣ್ಣು ಮುಚ್ಚಿದರು. “ನಿಧಾನ ತಿರುಗಿಸಿ... ಹಾಂ. ಇನ್ನೊಂದು ಸುತ್ತು... ಅದೇ ಕಾಲ ಇರಲಿ, ಓಡಿಸಬೇಡಿ.” ಮೇಸ್ತ್ರಿ ವಿಧೇಯವಾಗಿ ತಿರುಗಿಸಿದರು. ಗ್ಯಾರೇಜಿನ ಹುಡುಗರು ಸುತ್ತಿಗೆ ಕೆಳಗಿಟ್ಟರು.

“ಇದರ ಲೆಕ್ಕ ವಿಚಿತ್ರ. ಚಕ್ರ ಒಂದು ಸುತ್ತು ಬಂದರೆ ಇದು ಮೂರೂವರೆ ಸಲ ತಟ್ಟುತ್ತೆ. ಮೂರೂವರೆ, ಮೇಲೊಂದು ಚಿಲ್ಲರೆ. ಸಮಕ್ಕೆ ಕೂಡೋದೇ ಇಲ್ಲ.”

ಮೇಸ್ತ್ರಿ ಸ್ವಲ್ಪ ಹೊತ್ತು ಮಾವನ ಮುಖವನ್ನೇ ನೋಡಿದರು. “ಸಮಕ್ಕೆ ಕೂಡಿದ್ರೆ ಟೈರೋ ಡಿಸ್ಕೋ ಅನ್ನಬಹುದಿತ್ತು. ಕೂಡಲ್ಲ ಅಂದ್ರೆ ಒಳಗಿನ ಗುಂಡಿಂದು” ಅಂದರು.

ಆ ರಾತ್ರಿ ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಬೇರಿಂಗಿನ ಹೊರಬಳೆ ನಿಂತಿರುತ್ತದೆ, ಒಳಬಳೆ ಚಕ್ರದ ಜೊತೆ ತಿರುಗುತ್ತದೆ, ನಡುವೆ ಗುಂಡುಗಳು ಉರುಳುತ್ತವೆ. ನಿಂತದ್ದರ ಮತ್ತು ಓಡುವುದರ ನಡುವೆ ಸಿಕ್ಕಿದ್ದರಿಂದ ಗುಂಡುಗಳ ಸಾಲು ಚಕ್ರದಷ್ಟು ಬೇಗ ಸುತ್ತುವುದಿಲ್ಲ. ಚಕ್ರ ಐದು ಸುತ್ತು ಬರುವಷ್ಟರಲ್ಲಿ ಅದು ಸುಮಾರು ಎರಡು ಸುತ್ತು. ಹೊರಬಳೆಯಲ್ಲಿ ಒಂದು ಗುಳಿ ಬಿದ್ದಿದ್ದರೆ ಹಾಯುವ ಪ್ರತಿಯೊಂದು ಗುಂಡೂ ಅದರಲ್ಲಿ ಎಡವುತ್ತದೆ. ಒಂಬತ್ತು ಗುಂಡಾದರೆ ಚಕ್ರದ ಒಂದು ಸುತ್ತಿಗೆ ಮೂರು ಪಾಯಿಂಟ್ ಆರು ಎಡವು. ಮಾವನ ಚಿಲ್ಲರೆ ಅದೇ. ಕಾರ್ಖಾನೆಗಳಲ್ಲಿ ಇದನ್ನು ಕಂಡುಹಿಡಿಯಲು ನಡುಕ ಅಳೆಯುವ ಉಪಕರಣಗಳಿವೆ.

ಬೇರಿಂಗ್ ತರಲು ಹೋದ ಅಂಗಡಿಯಲ್ಲಿ, “ಒರಿಜಿನಲ್ ಬೇಕು” ಅಂದೆ. “ಯಾವ ಒರಿಜಿನಲ್ಲು?” ಅಂದರು. ಕಂಪನಿ ಒರಿಜಿನಲ್ಲು, ಮಾರ್ಕೆಟ್ ಒರಿಜಿನಲ್ಲು, ಪ್ಯಾಕಿಂಗ್ ಒರಿಜಿನಲ್ಲು ಅಂತ ಮೂರಿವೆಯಂತೆ. ಮೂರನೆಯದರಲ್ಲಿ ರಟ್ಟಿನ ಡಬ್ಬ ಮಾತ್ರ ಅಸಲಿ. ಬೇರಿಂಗಿನ ಮೈಮೇಲಿನ ಅಕ್ಷರ ಅಳಿಸದಂತೆ ಕೊರೆದಿದೆಯೋ ಸುಮ್ಮನೆ ಅಚ್ಚಾಗಿದೆಯೋ ಎಂದು ಉಗುರಿನಿಂದ ಕೆರೆದು ನೋಡಿ ತೆಗೆದುಕೊಂಡೆ. ಈ ಕಾರಿನ ಮುಂದಿನ ಒಂದು ಚಕ್ರಕ್ಕೆ ಎರಡು ಬೇರಿಂಗು, ನಡುವೆ ಒಂದು ಸ್ಪೇಸರು, ಹೊರಗೆ ಸೀಲು. ಒಂದು ಕೆಟ್ಟರೂ ಎರಡನ್ನೂ ಹಾಕಬೇಕು, ಸೀಲನ್ನಂತೂ ಹೊಸದೇ ಹಾಕಬೇಕು.

ಬಿಚ್ಚುವ ಕೆಲಸ ಒರಟು. ಹಬ್ಬಿನ ನಡುವಿನ ನಟ್ಟಿಗೆ ಪಾನ ಸಿಕ್ಕಿಸಿ, ಪಾನಕ್ಕೆ ಉದ್ದನೆಯ ಪೈಪು ತೊಡಿಸಿ, ಒಬ್ಬ ಬ್ರೇಕು ತುಳಿದು, ಇಬ್ಬರು ಪೈಪಿನ ಮೇಲೆ ನಿಂತರೆ ಅದು ಟಣ್ ಅಂತ ಬಿಟ್ಟುಕೊಡುತ್ತದೆ. ಹಾಕುವ ಕೆಲಸ ಮಾತ್ರ ನಾಜೂಕು. ಹೊಸ ಬೇರಿಂಗನ್ನು ಅದರ ಗೂಡಿನೊಳಗೆ ಕೂರಿಸುವಾಗ ಹೊರಬಳೆಯನ್ನು ಮಾತ್ರ ಒತ್ತಬೇಕು. ಒಳಬಳೆಗೆ ಸುತ್ತಿಗೆ ಹಾಕಿದರೆ ಏಟೆಲ್ಲ ಗುಂಡುಗಳ ಮೂಲಕವೇ ಹೋಗಿ, ದಾರಿಯಲ್ಲಿ ಕಣ್ಣಿಗೆ ಕಾಣದ ಗುಳಿಗಳಾಗಿ, ಹೊಸ ಬೇರಿಂಗು ಹುಟ್ಟುತ್ತಲೇ ಮುದಿಯಾಗುತ್ತದೆ. ಮೇಸ್ತ್ರಿ ಅದಕ್ಕೇ ಪಕ್ಕದ ಲೇತ್ ಅಂಗಡಿಯ ಪ್ರೆಸ್ಸಿಗೆ ಹೋದರು. ಮಾವನೂ ಹೋದರು. ಈಗ ಅವರಿಬ್ಬರ ನಡುವೆ ನನಗೆ ಜಾಗ ಇರಲಿಲ್ಲ.

ಹಳೆಯ ಬೇರಿಂಗನ್ನು ಮೇಸ್ತ್ರಿ ಒಡೆದು ತೋರಿಸಿದರು. ಒಳಗಿನ ಗ್ರೀಸು ನೀರು ಸೇರಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಹೊರಬಳೆಯ ಓಡುದಾರಿಯಲ್ಲಿ ಸಾಸಿವೆ ಕಾಳಿನಷ್ಟು ಅಗಲ ಉಕ್ಕು ಚಕ್ಕೆಯೆದ್ದಿತ್ತು. ಇಷ್ಟೇ. ಇಡೀ ಕುಟುಂಬವನ್ನು ಮೌನಕ್ಕೆ ತಳ್ಳಿದ್ದು ಇಷ್ಟು. 1794ರಲ್ಲಿ ವೇಲ್ಸಿನ ಫಿಲಿಪ್ ವಾನ್ ಎಂಬಾತ ಸಾರೋಟಿನ ಅಚ್ಚಿಗೆ ಗುಂ­ಡುಗಳನ್ನು ಹಾಕುವ ಉಪಾಯಕ್ಕೆ ಪೇಟೆಂಟ್ ಪಡೆದಾಗಿನಿಂದ ಇವತ್ತಿನವರೆಗೆ ಗುಂಡಿನ ಶತ್ರುಗಳು ಬದಲಾಗಿಲ್ಲ: ನೀರು, ಧೂಳು, ಗುದ್ದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಕಡೆ ಓಡಾಡುವ ಗಾಡಿಗೆ ನೀರಿನ ಕೊರತೆಯಿಲ್ಲ. ಗುದ್ದಿಗೆ ನಮ್ಮ ಹಂಪುಗಳಿವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರಿನಲ್ಲಿ ನೆಮ್ಮದಿಯಾಗಿ ದಾಟಲಿ ಎಂದು ಹಾಗೆ. ನಮ್ಮ ಬಡಾವಣೆಯ ಹಂಪು ಎತ್ತರದಲ್ಲಿ ಧಾರಾಳ, ಅಗಲದಲ್ಲಿ ಮಿತವ್ಯಯಿ. ಗುತ್ತಿಗೆದಾರರು ಎರಡು ಅಳತೆಯನ್ನು ಅದಲುಬದಲು ಓದಿಕೊಂಡರೋ ಎಂದು ಒಮ್ಮೊಮ್ಮೆ ಸಂಶಯ ಬರುತ್ತದೆ.

ಗುಂಡುಗಳನ್ನು ಎಣಿಸಿದೆ. ಒಂಬತ್ತೇ ಇದ್ದವು. ಕರವಸ್ತ್ರದಲ್ಲಿ ಕಟ್ಟಿ ತಂದು ಹೆಂಡತಿಗೆ ತೋರಿಸಿ, ಬಲ ಚಕ್ರದ್ದು ಅಂದೆ. ಅವಳು ಎಡ ಬಲದ ಸುದ್ದಿಗೇ ಬರಲಿಲ್ಲ. “ಒಂಬತ್ತಾ? ನಾನು ಆಗಲೇ ಅಂದ್ಕೊಂಡಿದ್ದೆ, ಇದು ಗ್ರಹಚಾರ ಅಂತ.”

ಹೊಸ ಬೇರಿಂಗ್ ಹಾಕಿದ ಮೇಲೆ ಸಾಗರ ರಸ್ತೆಯಲ್ಲಿ ಅರವತ್ತಕ್ಕೆ ಓಡಿಸಿದೆ. ಗುಂಯ್ ಇರಲಿಲ್ಲ. ಮಾವ ಮುಂದೆ, ಮೇಸ್ತ್ರಿ ಹಿಂದೆ. ಇಬ್ಬರೂ ಕುತ್ತಿಗೆ ಓರೆ ಮಾಡಿ ಕೂತಿದ್ದರು. ಹಿಂತಿರುಗಿ ನಿಧಾನವಾಗಿ ಶೆಡ್ಡಿಗೆ ಬರುವಾಗ ಮಾವ ಕೈಯೆತ್ತಿದರು. “ಟಿಕ್... ಟಿಕ್... ಇದು ಸುತ್ತಿಗೆ ಒಂದೇ. ಸಮಕ್ಕೆ ಸರಿಯಾಗಿ ಕೂಡುತ್ತೆ.” ಮೇಸ್ತ್ರಿ ಇಳಿದು ಎಡ ಟೈರಿನ ಗೀರುಗಳಲ್ಲಿ ಬೆರಳಾಡಿಸಿ, ಕೀಲಿಯಿಂದ ಮೀಟಿ, ಒಂದು ಚೂರು ಜಲ್ಲಿ ತೆಗೆದು ಮಾವನ ಅಂಗೈಗೆ ಹಾಕಿದರು. ಇದಕ್ಕೆ ಚಾರ್ಜ್ ಇಲ್ಲ ಅಂದರು. ಎಡಗಡೆಯಿಂದಲೂ ಏನೋ ಸಿಕ್ಕಿತು ಎಂಬ ಸುದ್ದಿಯನ್ನು ನಾನು ಮನೆಗೆ ಒಯ್ಯಲಿಲ್ಲ, ಮಾವ ಒಯ್ದರು.

ಮಾವ ಊರಿಗೆ ಹೊರಡುವ ಹಿಂದಿನ ದಿನ ಮೇಸ್ತ್ರಿಯ ಫೋನು ಬಂತು. ಕಾರು ಹೇಗಿದೆ ಅಂತ ಕೇಳಲಿಲ್ಲ.

“ಸಾರ್, ನಿಮ್ಮ ಮಾವನೋರು ಇದಾರಾ? ಒಂದು ಓಮ್ನಿ ಬಂದಿದೆ. ಏನೋ ಸದ್ದು. ಓನರ್‌ಗೆ ಬಾಯಲ್ಲಿ ಮಾಡೋಕೂ ಬರ್ತಿಲ್ಲ.”

ಮಾವ ಮೃದಂಗಕ್ಕೆ ಗವಸು ಹಾಕುತ್ತಿದ್ದರು. ಮಾತು ಕೇಳಿಸದ ಆ ಕಿವಿಗೆ ಫೋನಿನೊಳಗಿನ ಮಾತು ಹೇಗೆ ಕೇಳಿಸಿತೋ. “ಬರ್ತೀನಿ ಅನ್ನು” ಅಂದರು. “ಆಟೋ ಚಾರ್ಜ್ ಅವರೇ ಕೊಡಬೇಕು ಅನ್ನು. ನಿನ್ನ ಕಾರು ಬೇಡ. ಅದರಲ್ಲಿ ಆ ಖಾನೆಯ ಮುಚ್ಚಳ ಒಂದು ತಾಳ, ಜಾಕಿ ಒಂದು ತಾಳ. ಅಲ್ಲಿಗೆ ಹೋಗೋಷ್ಟರಲ್ಲಿ ಕಿವಿ ಕೆಟ್ಟುಹೋಗುತ್ತೆ.”